ಕಿಸೆಯ ಚಾಕುವಿನ ಕಿತಾಪತಿ

ಕಿಸೆಯಲ್ಲಿ ಮಡಚುವ ಚಾಕು ಇಟ್ಟುಕೊಂಡು ಪುಣೆಯಲ್ಲಿ ಓಡಾಡುವವನಿಗೆ ತಿಂಗಳಿಗೊಂದು ಫಜೀತಿ ತಪ್ಪಿದ್ದಲ್ಲ. ನನ್ನದು ಬೆರಳುದ್ದದ ಚಾಕು. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ವೈರಿಂಗ್ ಕೆಲಸ ಮಾಡುತ್ತೇನೆ. ವೈರಿನ ಸಿಪ್ಪೆ ಸುಲಿಯಲು ಅದು ಬೇಕು, ಊಟದ ಹೊತ್ತಿಗೆ ಉಳ್ಳಾಗಡ್ಡಿ ಹೆಚ್ಚಲೂ ಬೇಕು. ಹೆಂಡತಿಗೆ ಮಾತ್ರ ಅದನ್ನು ಕಂಡರಾಗದು. ಪ್ಯಾಂಟು ಒಗೆಯುವಾಗಲೆಲ್ಲ ಅದೇ ಅವಳ ಕೈಗೆ ಸಿಗುತ್ತದೆ, ಪಗಾರ ಸಿಗುವುದಿಲ್ಲ.

ಮಾಲಿನ ಬಾಗಿಲಲ್ಲಿ

ವಾಕಡದ ಮಾಲೊಂದರ ಬಾಗಿಲಲ್ಲಿ ಕಾವಲುಗಾರ ನನ್ನ ಕಿಸೆ ತಡವಿ ಚಾಕು ಹಿಡಿದ. ಒಳಗೆ ಹತಿಯಾರ ಬಿಡುವುದಿಲ್ಲವೆಂದು ರಿಜಿಸ್ಟರಿನಲ್ಲಿ ನನ್ನ ಹೆಸರು, ಊರು, ಫೋನು ಬರೆಸಿಕೊಂಡು ಚಾಕು ಡ್ರಾವರಿಗೆ ಹಾಕಿದ. ಒಳಗೆ ಹೋಗಿ, ಹೆಂಡತಿ ಹೇಳಿದ್ದ ಅಡುಗೆಮನೆಯ ಚಾಕು ಕೊಂಡೆ. ಮೊಳದುದ್ದದ್ದು. ಒಂದಕ್ಕೆ ಒಂದು ಪುಕ್ಕಟೆ ಎಂದು ಎರಡು ಕೊಟ್ಟರು. ಅವೆರಡನ್ನೂ ಹಿಡಿದು ಹೊರಬಂದೆ. ಕಾವಲುಗಾರ ಬಿಲ್ಲಿಗೆ ಠಸ್ಸೆ ಒತ್ತಿ, ನನ್ನ ಬೆರಳುದ್ದದ ಚಾಕು ವಾಪಸು ಕೊಡುತ್ತಾ, ಇಂಥವನ್ನೆಲ್ಲ ಇಟ್ಟುಕೊಂಡು ತಿರುಗಬೇಡಿ ಕಾಕಾ, ಡೇಂಜರ್ ಎಂದು ಮರಾಠಿಯಲ್ಲಿ ಬುದ್ಧಿ ಹೇಳಿದ.

ಸುರಕ್ಷತಾ ಸಪ್ತಾಹ

ನಮ್ಮ ಕಾರ್ಖಾನೆಗೆ ಹೊಸದಾಗಿ ಬಂದ ಸುರಕ್ಷತಾ ಅಧಿಕಾರಿ ಒಂದು ತಾಸು ಭಾಷಣ ಮಾಡಿದರು. ಕಿಸೆಯಲ್ಲಿ ಚಾಕು ಸಿಕ್ಕರೆ ಸಸ್ಪೆಂಡ್ ಎಂದರು. ಆಮೇಲೆ ನಮಗೆಲ್ಲ ಕೈಗವಸು ಹಂಚಲು ಹೊರಟರೆ, ಪೆಟ್ಟಿಗೆಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿ ಜಪ್ಪಯ್ಯ ಅಂದರೂ ಹರಿಯಲೊಲ್ಲದು. ಯಾರ ಹತ್ತಿರವಾದರೂ ಚಾಕು ಇದೆಯಾ ಎಂದು ಕೇಳಿದರು. ನಲವತ್ತು ಜನರಿದ್ದೆವು, ನಲವತ್ತು ಕಿಸೆಯಲ್ಲೂ ಚಾಕು ಇತ್ತು, ಒಬ್ಬರೂ ಉಸಿರೆತ್ತಲಿಲ್ಲ. ಕೊನೆಗೆ ಸಾಹೇಬರು ಹಲ್ಲು ಹಾಕಿ ಎಳೆದರು. ಆ ಸುರಕ್ಷತಾ ಸಪ್ತಾಹದ ಏಕೈಕ ಅಪಘಾತವೆಂದು ಅವರ ಮುಂದಿನ ಹಲ್ಲು ದಾಖಲಾಯಿತು.

ಬೀಗರು ಬಂದ ದಿನ

ಮಗಳು ಖರಾಡಿಯ ಆಫೀಸಿನಲ್ಲಿ ತಾನೇ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಅವರೂ ನಮ್ಮ ಕಡೆಯವರೇ. ಹುಡುಗನ ತಾಯಿಗೆ ಮಗಳು ಹಿಡಿಸಿದ್ದಳು, ತಂದೆ ಮಾತ್ರ ಎರಡು ಸಲ ಬಂದು ಚಹಾ ಕುಡಿದು, ಆಮೇಲೆ ಹೇಳ್ತೀವಿ ಎಂದು ಎದ್ದು ಹೋಗಿದ್ದರು. ಮಗಳು ಊಟ ಬಿಟ್ಟಿದ್ದಳು. ಈಗ ಮೂರನೇ ಸಲ, ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು.

ಹುಡುಗನ ತಾಯಿ ತಂದಿದ್ದ ಹಣ್ಣಿನ ಬುಟ್ಟಿಯ ಗಂಟು ಬಿಚ್ಚಲಾಗದೆ ಒದ್ದಾಡುತ್ತಿದ್ದರು. ನಾನು ಕಿಸೆಯಿಂದ ಚಾಕು ತೆಗೆದೆ. ಅವರು ಕೈ ಚಾಚಿದರು. ಆದರೆ ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆಂದು ನಮ್ಮಲ್ಲಿ ನೆಲಕ್ಕಿಡುತ್ತಾರೆ, ಬೇಕಾದವರು ಎತ್ತಿಕೊಳ್ಳಬೇಕು. ಅದೂ ಬೀಗರಾಗಬೇಕಾದವರು. ಮೊಣಕಾಲು ನೋವಿನವನು ನಾನು. ಎರಡೂ ಕೈ ನೆಲಕ್ಕೂರಿ, ಬಗ್ಗಿ, ಅವರ ಪಾದದ ಹತ್ತಿರ ಚಾಕು ಇಟ್ಟೆ.

ಆಚೆ ಸೋಫಾದಲ್ಲಿದ್ದ ಹುಡುಗನ ತಂದೆಗೆ ಕಂಡದ್ದು ನನ್ನ ಬೆನ್ನು ಮಾತ್ರ. ಧಡಕ್ಕನೆ ಎದ್ದು ಬಂದು ನನ್ನ ಭುಜ ಹಿಡಿದರು.

"ಏಳ್ರಿ, ಏಳ್ರಿ. ಹೆಣ್ಣಿನ ತಂದಿ ಆದ್ರ ಏನಾತು, ಹಿಂಗ ಕಾಲಿಗೆ ಬೀಳಬಾರದ್ರಿ. ನಮಗ ಒಪ್ಪಿಗಿ ಅದ."

ಅವರ ಕಣ್ಣಲ್ಲಿ ನೀರಿತ್ತು. ನಾನು ವಿವರಿಸಲು ಬಾಯಿ ತೆರೆದೆ, ಹೆಂಡತಿ ಬೆನ್ನಿಗೆ ಚಿವುಟಿದಳು. ಹುಡುಗನ ತಾಯಿ ಸದ್ದಿಲ್ಲದೆ ಚಾಕುವಿನ ಮೇಲೆ ಸೀರೆಯ ನೆರಿಗೆ ಸರಿಸಿದರು. ನಮ್ಮ ಕಣ್ಣು ಕೂಡಿದವು. "ಇಂಥಾ ಮಂದಿ ಎಲ್ಲಿ ಸಿಗ್ತಾರ್ರಿ," ಎಂದರು ಗಂಡನಿಗೆ. ಅವರು ಹೋದ ಮೇಲೆ ನೋಡಿದರೆ ನೆಲದ ಮೇಲೆ ಚಾಕು ಇರಲಿಲ್ಲ.

ಮದುವೆಯಾಯಿತು. ಮೊನ್ನೆ ಬೀಗರ ಮನೆಗೆ ಹೋದಾಗ ಬೀಗಿತ್ತಿ ನನ್ನೆದುರೇ ಅದೇ ಚಾಕುವಿನಿಂದ ಪೇರಲ ಹೆಚ್ಚಿದರು. ಕೇಳುವಂತಿಲ್ಲ, ಪಕ್ಕದಲ್ಲೇ ಬೀಗರು. ತಡೆಯಲಾರದೆ, ಚಾಕು ಭಾಳ ಚಲೋ ಅದ್ರಿ ಎಂದೆ.

"ಹೌದ್ರಿ," ಎಂದರು ಬೀಗರು ಹೆಮ್ಮೆಯಿಂದ. "ನಿಮ್ಮಂಥವರು ಇಂಥಾದ್ದು ಕೈಯಾಗ ಸುದ್ದಾ ಹಿಡಿದಿರಲಿಕ್ಕಿಲ್ಲ."