ಸ್ಟಾರ್ಟ್ ಆಗದ ಗಾಡಿಯ ಸುಖ

ಎಲ್ಲ ರಗಳೆಗೂ ಮೂಲ ಒಂದು ನೀರಿನ ಬಾಟಲಿ. ಅರ್ಧ ಕುಡಿದು ಪಕ್ಕದ ಸೀಟಿನ ಮೇಲೆ ಎಸೆದದ್ದು ಯಾವುದೋ ತಿರುವಿನಲ್ಲಿ ಕೆಳಗೆ ಉರುಳಿ, ಕೊನೆಗೆ ಅಂಗಳದಲ್ಲಿ ಗಾಡಿ ನಿಂತ ಕುಲುಕಿಗೆ ಬ್ರೇಕ್ ಪೆಡಲಿನ ಅಡಿಗೆ ಹೋಗಿ ಕೂತಿತ್ತು. ಪೆಡಲನ್ನು ಪೂರ್ತಿ ಒತ್ತದಿದ್ದರೆ ಈ ಕಾಲದ ಕಾರುಗಳು ಸ್ಟಾರ್ಟ್ ಆಗುವುದಿಲ್ಲ. ಶನಿವಾರ ಬೆಳಿಗ್ಗೆ ಕೊತ್ತಂಬರಿ ಸೊಪ್ಪು ತರಲು ಹೊರಟಿದ್ದ ತಿರುಮಲೇಶ ಇದೇನನ್ನೂ ಅರಿಯದೆ ಗುಂಡಿ ಒತ್ತಿದ. ಮತ್ತೆ ಒತ್ತಿದ. ರಜೆಯ ದಿನದ ಸರ್ಕಾರಿ ಕಚೇರಿಯ ಹಾಗೆ ಕಾರು ತಣ್ಣಗೆ ಕೂತಿತ್ತು. ಸಿಟ್ಟಿಗೆದ್ದು ಹಾರ್ನಿನ ಮೇಲೆ ಗುದ್ದಿದ. ಗುದ್ದಿದ ಕೈಯನ್ನು ಎತ್ತಲು ಮರೆತ.

ಅಮೆರಿಕದ ಕ್ಯಾಂಟನ್ ಎಂಬ ಊರಿನ ಆ ಸಬ್‌ಡಿವಿಷನ್ ಬಡಾವಣೆಯಲ್ಲಿ ನಾಯಿಗಳು ಕೂಡ ಅಕ್ಕಪಕ್ಕ ನೋಡಿಕೊಂಡೇ ಬೊಗಳುತ್ತವೆ. ಅಂಥಲ್ಲಿ ಈ ಹಾರ್ನು, ಮಗು ಮಲಗಿದ ಮನೆಯಲ್ಲಿ ತಮಟೆ ಬಡಿದಂತಾಯಿತು. ಒಂದೊಂದಾಗಿ ಬಾಗಿಲುಗಳು ತೆರೆದವು.

ತಿರುಮಲೇಶನಿಗೆ ಐವತ್ತೇಳು ದಾಟಿತ್ತು. ವಿಕ್ಸಮ್ ಎಂಬ ಊರಿನ ಒಂದು ಕಾರ್ಖಾನೆಯಲ್ಲಿ ಕಾರಿನ ಬಾಗಿಲಿನ ಸುತ್ತ ಕೂರಿಸುವ ರಬ್ಬರ್ ಪಟ್ಟಿ ತಯಾರಿಸುವ ವಿಭಾಗದಲ್ಲಿ ಕೆಲಸ. ಅದರಲ್ಲೂ ಮುಕ್ಕಾಲು ಪಾಲು ಮನೆಯಿಂದಲೇ. ವಾರವಿಡೀ ಅವನನ್ನೇ ಉದ್ದೇಶಿಸಿ ಮನುಷ್ಯರು ಆಡುವ ಮಾತೆಂದರೆ, "ತಿರು, ಯು ಆರ್ ಆನ್ ಮ್ಯೂಟ್." ಹೆಂಡತಿ ಪದ್ಮ ತೀರಿಕೊಂಡ ಹೊಸದರಲ್ಲಿ ಬೀದಿಯವರೆಲ್ಲ ಊಟದ ಡಬ್ಬಿ ತಂದುಕೊಟ್ಟಿದ್ದರು. ಡಬ್ಬಿಗಳನ್ನು ತೊಳೆದು ವಾಪಸು ಕೊಟ್ಟ ಮೇಲೆ ಬರುವವರೂ ನಿಂತರು. ಕೊಡದೆ ಇಟ್ಟುಕೊಂಡಿದ್ದರೆ ಕೇಳಲಿಕ್ಕಾದರೂ ಬರುತ್ತಿದ್ದರೇನೋ ಎಂದು ಅವನಿಗೆ ಆಮೇಲೆ ಹೊಳೆದಿತ್ತು. ಯಾರದೂ ತಪ್ಪಲ್ಲ. ಗ್ಯಾರೇಜಿನೊಳಗೇ ಕಾರು ಹತ್ತಿ, ಗ್ಯಾರೇಜಿನೊಳಗೇ ಇಳಿಯುವ ಊರು ಅದು. ಅವನಿಗೆ ನೆರೆಯವರ ಮುಖಕ್ಕಿಂತ ಅವರ ಗ್ಯಾರೇಜಿನ ಬಾಗಿಲುಗಳ ಪರಿಚಯವೇ ಹೆಚ್ಚಾಗಿತ್ತು.

ಮೊದಲು ಬಂದವನು ಎದುರು ಮನೆಯ ಸುಶ್ರುತ. ತಿರುಮಲೇಶನಿಗಿಂತ ನಾಲ್ಕೈದು ವರ್ಷ ಚಿಕ್ಕವನು, ಮೈಸೂರಿನವನು, ಕ್ವಾಲಿಟಿ ಇಂಜಿನಿಯರು. ಹೆಂಡತಿಗೆ ಶಿಕಾಗೋ ಕಡೆ ಕೆಲಸ, ಹಾಗಾಗಿ ಸಂಸಾರ ಅಲ್ಲಿನ ಬೋಲಿಂಗ್‌ಬ್ರೂಕಿನಲ್ಲಿ, ಇವನೊಬ್ಬ ಇಲ್ಲಿ. ಕ್ವಾಲಿಟಿ ಅವನಿಗೆ ಬರೀ ಉದ್ಯೋಗವಲ್ಲ, ಮಡಿ. ಜಪಾನಿನ ಕಾರು ಬಿಟ್ಟು ಬೇರೆ ಮುಟ್ಟಿದವನಲ್ಲ.

"ಕೊನೆಗೂ ಕೈಕೊಡ್ತಾ?" ಎಂದ, ಬಹುದಿನದಿಂದ ಕಾದಿದ್ದ ರಿಸಲ್ಟು ಬಂದವನಂತೆ. "ನಾನ್ ಹೇಳ್ತಾನೇ ಇದ್ದೆ. ಅಮೆರಿಕನ್ ಗಾಡಿ ಅಂದ್ರೆ ನೋಡೋಕಷ್ಟೇ. ನಿಜ ಹೇಳ್ಬೇಕಂದ್ರೆ ನೋಡೋಕೂ ಇಲ್ಲ. ಈ ಮುಂದಿನ ಗ್ರಿಲ್ ನೋಡಿ, ಹಲ್ಲು ಕಟ್ಟಿಸ್ಕೊಂಡಿರೋ ಪೈಲ್ವಾನ್ ನಕ್ಕ ಹಾಗಿದೆ."

"ಸ್ಟೈಲಿಂಗ್ ಬಗ್ಗೆ ಮಾತಾಡ್ಬೇಡಿ!" ತಿರುಮಲೇಶ ಕಿಟಕಿಯಿಂದಲೇ ಕೂಗಿದ. "ಗಾಂಭೀರ್ಯ ಅಂತ ಒಂದಿದೆ. ನಿಮ್ಮದು ಸಾಬೂನಿನ ತುಂಡು. ಪಾರ್ಕಿಂಗ್ ಲಾಟಲ್ಲಿ ನಿಮ್ಮ ಗಾಡಿ ಯಾವುದು, ಪಕ್ಕದವನ ಗಾಡಿ ಯಾವುದು, ಗೊತ್ತಾಗುತ್ತೇನ್ರೀ?"

"ಗೊತ್ತಾಗುತ್ತಲ್ಲ. ಸ್ಟಾರ್ಟ್ ಆಗೋದೇ ನಂದು."

ಅಷ್ಟರಲ್ಲಿ ಮೂಲೆಮನೆಯ ಸರ್ದಾರ್ ಟೂಲ್‌ಬಾಕ್ಸ್ ಹಿಡಿದು ಬಂದ. ಹುಬ್ಬಳ್ಳಿಯವನು, ಪೇಟೆಯಲ್ಲಿ ಟೈರಿನ ಅಂಗಡಿ. "ಅಲ್ರೀ, ಮುಂಜಾನೆ ಮುಂಜಾನೆ ಏನ್ ಗದ್ದಲಾ ಹಚ್ಚೀರಿ? ಬಾನೆಟ್ ಎತ್ರಿ ಮೊದ್ಲ," ಎಂದವನು ಇಂಜಿನ್ನಿನತ್ತ ಬಾಗಿ, "ಕಬ್ಬಿಣ ನೋಡ್ರಿ, ಹೆಂಗೈತಿ! ಅಮೆರಿಕಾದವ್ರು ಗಾಡಿ ಮಾಡಿದ್ರ ಗಾಡಿನ ಮಾಡ್ತಾರ, ಆಟಗಿ ಸಾಮಾನ ಅಲ್ಲ," ಎಂದ.

ಪಕ್ಕದ ಮನೆಯ ಮಂಜರಿ ಮೂವತ್ತೆಂಟರ ಬೆಂಗಳೂರು ಹುಡುಗಿ. ಯಾವ ಜಗಳಕ್ಕೂ ಬರಿಗೈಯಲ್ಲಿ ಹೋದವಳಲ್ಲ. ಬಿಸಿ ಉಪ್ಪಿಟ್ಟಿನ ಪಾತ್ರೆ ತಂದು ಕಾರಿನ ಛಾವಣಿಯ ಮೇಲಿಟ್ಟಳು. "ಅಂಕಲ್, ಮೊದ್ಲು ತಿನ್ನಿ. ಒಬ್ಬರೇ ಇದ್ದು ಎಷ್ಟ್ ಇಳಿದುಹೋಗಿದೀರಾ! ದಿನಾ ಅಡುಗೆ ಏನ್ ಮಾಡ್ಕೋತೀರಾ?"

ತಿರುಮಲೇಶ ಸೀಟಿನಲ್ಲಿ ನೆಟ್ಟಗೆ ಕೂತ. ದಿನಾ ಏನು ಮಾಡಿಕೊಳ್ಳುತ್ತೀರಿ ಎಂದು ಯಾರಾದರೂ ಕೇಳಿ ವರ್ಷವಾಗಿತ್ತು. "ಅನ್ನ ಮಾಡ್ತೀನಮ್ಮಾ, ಉಪ್ಪಿನಕಾಯಿ ಇರುತ್ತೆ," ಎಂದು ತಟ್ಟೆ ಇಸಿದುಕೊಂಡ. ಚಮಚ ಕೈಜಾರಿ ಕೆಳಗೆ ಬಿತ್ತು. ಎತ್ತಲು ಬಗ್ಗಿದಾಗ ಪೆಡಲಿನ ಕೆಳಗಿದ್ದ ಬಾಟಲಿ ಕಣ್ಣಿಗೆ ಬಿತ್ತು.

ಎಲ್ಲವೂ ಅರ್ಥವಾಯಿತು. ಬಾಟಲಿ ತೆಗೆದು ಗುಂಡಿ ಒತ್ತಿದರೆ ಮುಗಿಯಿತು. ಕಾರು ಹೊರಡುತ್ತದೆ, ಉಪ್ಪಿಟ್ಟಿನ ಪಾತ್ರೆ ಒಳಗೆ ಹೋಗುತ್ತದೆ, ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಅಲ್ಲಿಗೆ ಮುಂದಿನ ಚಳಿಗಾಲದಲ್ಲಿ ಹಿಮ ಗೋರಲು ಹೊರಬರುವವರೆಗೆ ಯಾರ ಮುಖವೂ ಇಲ್ಲ. ಅವನು ಬಾಟಲಿಯನ್ನು ಮೆಲ್ಲಗೆ ಎಳೆದು ಜಾಕೆಟ್ಟಿನೊಳಗೆ ಸೇರಿಸಿಕೊಂಡ. "ಈಗ ಒತ್ರಿ!" ಎಂದು ಸರ್ದಾರ್ ಕೂಗಿದಾಗ ಕಾಲನ್ನು ಪೆಡಲಿನಿಂದ ಮೇಲೆತ್ತಿಕೊಂಡು ಗುಂಡಿ ಒತ್ತಿದ.

"ಊಹೂಂ," ಎಂದ, ಸಾಧ್ಯವಾದಷ್ಟು ದುಃಖದಿಂದ.

ಆಮೇಲೆ ನಡೆದದ್ದು ಹಬ್ಬ. ಸುಶ್ರುತ ಬಾಗಿಲಿನ ಸಂದಿಗೆ ಉಗುರು ತೂರಿಸಿ, "ಈ ಗ್ಯಾಪಲ್ಲಿ ಇಲಿ ಸಂಸಾರ ಮಾಡಬಹುದು," ಎಂದ. ಆ ಸಂದಿಗೆ ಕೂರುವ ರಬ್ಬರ್ ಪಟ್ಟಿಯಿಂದಲೇ ಮನೆ ಕಟ್ಟಿದ್ದ ತಿರುಮಲೇಶ ಕೆಂಡವಾಗಿ, ಬಾಗಿಲನ್ನು ಎರಡು ಸಲ ಧಪ್ ಧಪ್ ಎಂದು ಹಾಕಿ, "ಈ ಸೌಂಡ್ ನಿಮ್ಮ ಗಾಡೀಲಿ ಬರುತ್ತೇನ್ರೀ? ನಿಮ್ಮದು ಬಿಸ್ಕತ್ ಡಬ್ಬ ಮುಚ್ಚಿದ ಹಾಗೆ ಅನ್ನುತ್ತೆ," ಎಂದ. ಕಾಂಪಿಟಿಷನ್ನಿನಲ್ಲಿ ಸೋತು ಸಣ್ಣ ಕಾರು ಮಾಡುವುದನ್ನೇ ಅಮೆರಿಕದವರು ಬಿಟ್ಟರಲ್ಲ ಎಂದು ಸುಶ್ರುತ ಅಂದರೆ, ಸೋತದ್ದಲ್ಲ, ಟ್ರಕ್ಕಿನಲ್ಲಿ ಗೆದ್ದದ್ದು ಎಂದು ಸರ್ದಾರ್ ಅಂದ. ಮಂಜರಿ ಸುಮ್ಮನಿರದೆ ಎರಡೂ ಕಾರುಗಳ ಬಾಗಿಲು ತೆಗೆದು, ಒಳಗೆ ಅಂಟಿಸಿದ್ದ ಚೀಟಿ ಓದಿದಳು. ಅಮೆರಿಕನ್ ಕಾರು ಜೋಡಣೆಯಾದದ್ದು ಮೆಕ್ಸಿಕೋದಲ್ಲಿ. ಜಪಾನಿನದು ಪಕ್ಕದ ರಾಜ್ಯವಾದ ಇಂಡಿಯಾನಾದಲ್ಲಿ. ಎಲ್ಲರೂ ಬಗ್ಗಿ ಚೀಟಿಗಳನ್ನು ತಾವೇ ಓದಿ ನೋಡಿದರು. ಆಮೇಲೆ ಹೇಗೋ ಸುಧಾರಿಸಿಕೊಂಡು, ಮೊದಲಿನದಕ್ಕಿಂತ ಜೋರಾಗಿ, ಅವೇ ಮಾತುಗಳನ್ನು ಮುಂದುವರಿಸಿದರು.

ಬ್ಯಾಟರಿಗೆ ತಂತಿ ಕೊಟ್ಟು ನೋಡಿದರು. ಆಗಲಿಲ್ಲ. ಫ್ಯೂಸು ಕಿತ್ತು ಹಾಕಿದರು. ಆಗಲಿಲ್ಲ. ತಿರುಮಲೇಶನ ಕಾಲು ಮೇಲೆತ್ತಿ ಎತ್ತಿ ಜೋಮು ಹಿಡಿಯಿತು. "ನ್ಯೂಟ್ರಲ್ ಹಾಕ್ರಿ, ರಸ್ತಾಕ್ಕ ನೂಕೋಣು," ಎಂದ ಸರ್ದಾರ್. ಮಂಜರಿ ಪಾತ್ರೆಯನ್ನು ಕೆಳಗಿಳಿಸಿದ ಮೇಲೆ ಮೂವರೂ ಸೇರಿ ತಳ್ಳಿದರು. ಅಂಗಳದ ಇಳಿಜಾರು ಎಂಥದೆಂದು ಯಾರೂ ಯೋಚಿಸಿರಲಿಲ್ಲ. ಕಾರು ಮದುವೆಗೆ ಹೊರಟ ಎಮ್ಮೆಯ ಹಾಗೆ ನಿಧಾನವಾಗಿ ಹಿಂದಕ್ಕೆ ಹೊರಟು, ತಿರುಮಲೇಶನ ಜೋಮು ಹಿಡಿದ ಕಾಲು ಬ್ರೇಕ್ ಹುಡುಕುವಷ್ಟರಲ್ಲಿ ರಸ್ತೆ ದಾಟಿ, ಸುಶ್ರುತನ ಅಂಚೆಡಬ್ಬಿಯನ್ನು ಬುಡಸಮೇತ ಮಲಗಿಸಿ ನಿಂತಿತು.

ಸುಶ್ರುತ ಬಾಯಿ ತೆರೆಯುವ ಮೊದಲೇ ತಿರುಮಲೇಶ ಹಿಂದಕ್ಕೆ ಓಡಿ, ಬಂಪರ್ ಸವರಿ, "ನೋಡಿ ಬನ್ನಿ! ಒಂದು ಗೀರು ಬಿದ್ದಿದ್ರೆ ಕೇಳಿ! ಇದಕ್ಕೇನಂತೀರಾ? ಕ್ವಾಲಿಟಿ ಅಲ್ವಾ?" ಎಂದು ಮತ್ತೆ ಬಂದು ಸೀಟಿನಲ್ಲಿ ಕೂತ.

ಸುಶ್ರುತ ಅಂಚೆಡಬ್ಬಿಯನ್ನು ನೋಡಿದ, ಬಂಪರ್ ನೋಡಿದ, ಆಮೇಲೆ ಕಾರಿನ ಬಾಗಿಲು ತೆಗೆದ. "ಇಳೀರಿ, ನಾನೊಂದ್ಸಲ ಕೂತು ನೋಡ್ತೀನಿ."

"ಬೇಡ ಬೇಡ! ಸೀಟು ನನ್ನ ಬೆನ್ನಿಗೆ ಸೆಟ್ ಆಗಿದೆ."

"ಹಾಗಿದ್ರೆ ನೀವೇ ಒತ್ತಿ. ನೋಡ್ತೀನಿ."

ಸುಶ್ರುತ ತಲೆ ಒಳಗೆ ತೂರಿಸಿ ಬಗ್ಗಿದ. ಬೇರೆ ದಾರಿಯಿಲ್ಲದೆ ತಿರುಮಲೇಶ ಒತ್ತಿದ. ಸುಶ್ರುತ ಕೆಳಗೆಲ್ಲೋ ನೋಡುತ್ತ ಒಂದು ಗಳಿಗೆ ಹಾಗೇ ಇದ್ದ. ಆಮೇಲೆ ಸೊಂಟ ನೆಟ್ಟಗೆ ಮಾಡಿಕೊಂಡು ಎಲ್ಲರಿಗೂ ಕೇಳುವಂತೆ, "ಇದರ ಕತೆ ಮುಗೀತು. ಇನ್ನು ಯಾರ ಕೈಲೂ ಆಗಲ್ಲ. ಹೊಸದು ತಗೊಳ್ಳಿ. ಇವತ್ತೇ," ಎಂದ.

"ಇವತ್ತೇ?" ತಿರುಮಲೇಶ ಗಾಬರಿಯಾದ. ಮರೂನ್ ಬಣ್ಣದ ಕಾರು ಅದು. ಬಣ್ಣ ಆರಿಸಿದವಳು ಪದ್ಮ. "ಇನ್ನೊಂದ್ಸಲ ಟ್ರೈ ಮಾಡೋಣ. ಬಹುಶಃ ಈಗ..."

"ಸುಮ್ನಿರಿ ಅಂಕಲ್," ಎಂದಳು ಮಂಜರಿ. "ಚಳೀಲಿ ಹೈವೇ ಮೇಲೆ ನಿಂತ್ರೆ ಯಾರನ್ನ ಕರೀತೀರಾ? ನಡೀರಿ, ನಾವೆಲ್ಲ ಬರ್ತೀವಿ."

ನಾವೆಲ್ಲ ಬರ್ತೀವಿ ಎಂಬ ಮಾತೇ ಅವನನ್ನು ಕೆಡಿಸಿದ್ದು. ಈಗ ನಿಜ ಹೇಳಿದರೆ ಬೆಳಗಿನಿಂದ ಮೈ ಮಸಿ ಮಾಡಿಕೊಂಡವರ ಮುಂದೆ ಮಾನ ಹೋಗುತ್ತದೆ. ಹೇಳದಿದ್ದರೆ ಕಾರು ಹೋಗುತ್ತದೆ. ತಿರುಮಲೇಶ ಕಾರನ್ನು ಬಿಟ್ಟುಕೊಟ್ಟ. ಸುಶ್ರುತನ ಕಾರಿನ ಹಿಂದಿನ ಸೀಟಿನಲ್ಲಿ, ಸರ್ದಾರನ ಟೂಲ್‌ಬಾಕ್ಸಿಗೂ ಬಾಗಿಲಿಗೂ ನಡುವೆ ಅಪ್ಪಚ್ಚಿಯಾಗಿ ಕೂತು, ಮೂರು ಜನ ಒಟ್ಟಿಗೆ ಮಾತಾಡುವುದನ್ನು ಕೇಳುತ್ತ ಹೋದ. ಆ ದಾರಿ ಇನ್ನಷ್ಟು ಉದ್ದವಿರಬಾರದಿತ್ತೇ ಎನಿಸಿತು.

ಜಪಾನಿ ಕಾರಿನ ಶೋರೂಮಿನಲ್ಲಿ ಅವನಿಗೇನೂ ಕೆಲಸವಿರಲಿಲ್ಲ. ಮಾಡೆಲ್ ಸುಶ್ರುತ ಹೇಳಿದ, ಬೆಳ್ಳಿ ಬಣ್ಣ ಮಂಜರಿ ಹೇಳಿದಳು, ಟೈರುಗಳನ್ನು ಸರ್ದಾರ್ ಒದ್ದು ನೋಡಿದ. ಹಳೆಯದನ್ನು ಏನು ಮಾಡುವುದೆಂದು ತಿರುಮಲೇಶ ಕೇಳಿದಾಗ ಸುಶ್ರುತ, "ಕೀ ನನ್ನ ಹತ್ರ ಕೊಡಿ. ಗುಜರಿಯವನು ಗೊತ್ತು, ನಾನು ವಿಲೇವಾರಿ ಮಾಡ್ತೀನಿ," ಎಂದ.

ಸಂಜೆ ಹೊಸ ಕಾರಿನ ಚಕ್ರದಡಿ ಮಂಜರಿ ನಿಂಬೆಹಣ್ಣು ಇಟ್ಟಳು. ಫೋಟೋ ಆಯಿತು. ಸರ್ದಾರ್ ಬೆನ್ನು ತಟ್ಟಿ, "ಗಾಡಿ ನಮ್ಮ ದೇಶದ್ದು ಅಲ್ಲ ಅನ್ನೂದೊಂದ ಬ್ಯಾಸರ. ಇರ್ಲಿ, ಚಿಂತಿ ಬಿಡ್ರಿ. ಇನ್ನ ಇಪ್ಪತ್ತ ವರ್ಷ ನಿಮಗ ಯಾರ ಸಹಾಯನೂ ಬ್ಯಾಡ," ಎಂದ. ಎಲ್ಲರೂ ತೃಪ್ತಿಯಿಂದ ಮನೆಗೆ ಹೋದರು. ಗ್ಯಾರೇಜಿನ ಬಾಗಿಲುಗಳು ಒಂದಾದ ಮೇಲೊಂದು ಇಳಿದವು.

ಆ ವಾರವಿಡೀ ಕಾರು ಬೆರಳು ತಾಕಿಸಿದರೆ ಸಾಕು ಸ್ಟಾರ್ಟ್ ಆಯಿತು. ಎಷ್ಟು ನಿಶ್ಶಬ್ದವೆಂದರೆ, ಹೊರಟದ್ದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಬೀದಿಯವರಿಗೆ ಹೇಗೆ ಗೊತ್ತಾದೀತು?

ಮುಂದಿನ ಶನಿವಾರ ಅವನು ಕಾಫಿ ಕುಡಿಯುತ್ತ ಕೂತಿದ್ದಾಗ ಬೀದಿಯಲ್ಲಿ ಉದ್ದನೆಯ ಹಾರ್ನು ಕೇಳಿಸಿತು. ಕಿಟಕಿಯ ಪರದೆ ಸರಿಸಿದ. ಎದುರು ಮನೆಯ ಅಂಗಳದಲ್ಲಿ ಅವನದೇ ಮರೂನ್ ಕಾರು ನಿಂತಿತ್ತು. ಬಾನೆಟ್ ಮೇಲೆದ್ದಿತ್ತು. ಸರ್ದಾರ್ ಇಂಜಿನ್ನಿಗೆ ತಲೆ ಕೊಟ್ಟಿದ್ದ. ಛಾವಣಿಯ ಮೇಲೆ ಮಂಜರಿಯ ಪಾತ್ರೆ ಹೊಗೆಯಾಡುತ್ತಿತ್ತು. ಒಳಗೆ, ಸ್ಟೀರಿಂಗಿನ ಹಿಂದೆ, ತಟ್ಟೆ ಹಿಡಿದು ಕೂತಿದ್ದವನು ಸುಶ್ರುತ!

ತಿರುಮಲೇಶ ಚಪ್ಪಲಿಯಲ್ಲೇ ಓಡಿದ. "ಏನ್ರೀ ಇದು! ಗುಜರಿಗೆ ಅಂದಿದ್ರಿ?"

ಸುಶ್ರುತ ಅವನ ಕಣ್ಣು ತಪ್ಪಿಸಿದ. "ಏನೋ... ಈ ಡಿಸೈನ್ ನೋಡಿ ಗುಜರಿಗೆ ಹಾಕಕ್ಕೆ ಮನಸ್ಸು ಬರ್ಲಿಲ್ಲ. ಒಂಥರಾ ಗಾಂಭೀರ್ಯ ಇದೆ. ಆದ್ರೆ ನೋಡಿ, ಸ್ಟಾರ್ಟೇ ಆಗ್ತಿಲ್ಲ."

"ಒತ್ರಿ ಮತ್ತೊಮ್ಮೆ!" ಎಂದು ಸರ್ದಾರ್ ಕೂಗಿದ.

ಸುಶ್ರುತ ಒತ್ತಿದ. ತಿರುಮಲೇಶ ಬಗ್ಗಿ ನೋಡಿದ. ಸುಶ್ರುತನ ಪಾದ ಪೆಡಲಿನಿಂದ ಒಂದು ಗೇಣು ಮೇಲೆ, ಗಾಳಿಯಲ್ಲಿ ನಿಂತಿತ್ತು.

ಇಬ್ಬರ ಕಣ್ಣೂ ಕೂಡಿದವು. ಹೇಳಿಬಿಡಬೇಕೆಂದು ತಿರುಮಲೇಶನ ಬಾಯಿ ತೆರೆಯಿತು. ಆದರೆ ಹೇಳಿದರೆ, ನಿಮಗೆ ಗೊತ್ತಾದದ್ದು ಹೇಗೆಂದು ಎಲ್ಲರೂ ಕೇಳುವುದಿಲ್ಲವೇ? ಸುಶ್ರುತನ ಗಲ್ಲದ ಮೇಲೆ ಉಪ್ಪಿಟ್ಟಿನ ಒಂದು ಚೂರು ಅಂಟಿತ್ತು. ಬೋಲಿಂಗ್‌ಬ್ರೂಕಿನಿಂದ ಯಾರೂ ಬಾರದ ಎಷ್ಟು ಶನಿವಾರಗಳನ್ನು ಈ ಮನುಷ್ಯ ಒಬ್ಬನೇ ಕಳೆದಿದ್ದನೋ!

ಸರಿ, ಇಬ್ಬರೂ ಹಂಚಿಕೊಂಡರಾಯಿತು ಎಂದುಕೊಂಡು ತಿರುಮಲೇಶ ತಟ್ಟೆಗೆ ಕೈ ಚಾಚಿದ. ಅಷ್ಟರಲ್ಲಿ ಮಂಜರಿ ಕೈಕೊಡವಿಕೊಂಡು ಅಪ್ಪಣೆ ಹೊರಡಿಸಿದಳು:

"ಬ್ಯಾಟರೀನೇ ಹೋಗಿರೋದು. ಅಂಕಲ್, ನಿಮ್ಮ ಹೊಸ ಗಾಡಿ ಚೆನ್ನಾಗಿ ಓಡ್ತಿದೆಯಲ್ಲ, ಹೋಗಿ ಒಂದು ಬ್ಯಾಟರಿ ತಂದ್ಬಿಡಿ. ನಾವು ಇಲ್ಲಿ ಹಳೇದು ಬಿಚ್ಚಿರ್ತೀವಿ."

"ವಿಕ್ಸಮ್‌ದಾಗ ಅಂಗಡಿ ಐತಿ, ಅಲ್ಲೇ ಛಲೋ ಸಿಗತಾವ," ಎಂದು ಸರ್ದಾರ್ ದೂರದ ಅಂಗಡಿಯನ್ನೇ ಹೇಳಿದ.

ಸುಶ್ರುತ ತಟ್ಟೆಯತ್ತ ನೋಡುತ್ತ, "ನಿಧಾನವಾಗಿ ಬನ್ನಿ. ಅರ್ಜೆಂಟಿಲ್ಲ," ಎಂದ.

ತಿರುಮಲೇಶ ಹೊರಟ. ಹಿಂದೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದದ್ದು ಕೇಳಿಸುತ್ತಿತ್ತು. ಗಾಜು ಏರಿಸಿದೊಡನೆ ಪೂರ್ತಿ ನಿಂತುಹೋಯಿತು. ವಿಕ್ಸಮ್ಮಿನಲ್ಲಿ ಬ್ಯಾಟರಿ ಕೊಂಡು ಡಿಕ್ಕಿಯ ಬಾಗಿಲು ಎತ್ತಿದವನು, ಹಿಂದೆ ಅದೊಂದನ್ನೇ ಇಟ್ಟರೆ ತಿರುವಿನಲ್ಲಿ ಹೊರಳಾಡುತ್ತದೆಂದು, ಅದನ್ನು ತಂದು ತನ್ನ ಪಕ್ಕದ ಸೀಟಿನ ಮೇಲೆ ಇಟ್ಟ.

ರಸ್ತೆಗೆ ಇಳಿದದ್ದೇ ಕಾರು ಟಿಣ್ ಟಿಣ್ ಎನ್ನತೊಡಗಿತು. ಪಕ್ಕದಲ್ಲಿ ಕೂತವರು ಬೆಲ್ಟು ಹಾಕಿಕೊಂಡಿಲ್ಲವೆಂದು ದೂರು. ಭಾರ ಕಂಡರೆ ಸಾಕು, ಮನುಷ್ಯರೆಂದೇ ತಿಳಿಯುವ ಕಾರು ಅದು. ಅವನು ರಸ್ತೆಯ ಬದಿಗೆ ನಿಲ್ಲಿಸಿ, ಬಗ್ಗಿ, ಬ್ಯಾಟರಿಯ ಸುತ್ತ ಬೆಲ್ಟು ಎಳೆದು ಜೋಪಾನವಾಗಿ ಸಿಕ್ಕಿಸಿದ. ಸದ್ದು ನಿಂತಿತು. ಕಾರಿನೊಳಗೆ ಮತ್ತೆ ನಿಶ್ಶಬ್ದ.

ಒಂದು ಮೈಲಿ ಹೋಗಿರಬೇಕು. ತಿರುಮಲೇಶ ಗಂಟಲು ಸರಿಮಾಡಿಕೊಂಡು ಪಕ್ಕಕ್ಕೆ ತಿರುಗಿದ.

"ಅಲ್ಲ, ನೀನೇ ಹೇಳಪ್ಪಾ," ಎಂದ. "ನಮ್ಮ ಅಮೆರಿಕನ್ ಗಾಡಿಗೆ ಏನು ಕಮ್ಮಿ?"