ನಂಬಿಕಸ್ಥನ ಜ್ವರ

ಅರ್ಧ ದಿನದ ರಜೆಗೆ ವೇಣುಗೋಪಾಲ ಬರೆದ ಕಾರಣವೇ ಎಲ್ಲಕ್ಕೂ ಮೂಲವಾಯಿತು: "ಹೆಂಡತಿಯನ್ನು ಮ್ಯಾಟಿನಿಗೆ ಕರೆದುಕೊಂಡು ಹೋಗಲು."

ಹೆಬ್ಬಾಳದ ಆ ಕಚೇರಿಯಲ್ಲಿ ಜ್ವರ, ಹೊಟ್ಟೆನೋವು, ಅಜ್ಜಿಯ ಸಾವು ಬಿಟ್ಟರೆ ನಾಲ್ಕನೆಯ ಕಾರಣವನ್ನು ಯಾರೂ ಕಂಡಿರಲಿಲ್ಲ. ಪಕ್ಕದ ಮೇಜಿನ ತ್ರಿವಿಕ್ರಮ ಒಬ್ಬಳೇ ಅಜ್ಜಿಯನ್ನು ನಾಲ್ಕು ಸಲ ಸುಟ್ಟಿದ್ದ.

"ಜ್ವರ ಅಂತ ಬರೀರಿ ಗುರುಗಳೇ, ನಿಮ್ ಗಂಟೇನ್ ಹೋಗುತ್ತೆ?" ಎಂದ ಅವನು.

"ಸುಳ್ಳು ಬರೆಯೋ ಕೈಯಲ್ಲ ಕಣಯ್ಯಾ ಇದು."

ಆದರೆ ರಜೆ ಸಿಗಲೇಬೇಕಿತ್ತು. ಆರು ವರ್ಷದಿಂದ "ಮುಂದಿನ ವಾರ" ಕೇಳಿ ಸಾಕಾಗಿದ್ದ ಹೆಂಡತಿ ನಾಗಮಣಿ ಬೆಳಿಗ್ಗೆ ಕಡ್ಡಿ ಮುರಿದಂತೆ ಹೇಳಿದ್ದಳು: "ಎರಡು ಗಂಟೆಗೆ ಯಶವಂತಪುರದ ಟಾಕೀಸ್ ಮುಂದೆ ಬ್ಯಾಗ್ ಹಿಡ್ಕೊಂಡು ನಿಂತಿರ್ತೀನಿ. ಬಂದ್ರೆ ಸಿನಿಮಾ. ಬರ್ಲಿಲ್ಲಾಂದ್ರೆ ಮಾಕಳಿ ಬಸ್ಸು, ನಮ್ಮಮ್ಮನ ಮನೆ."

ಸಾಹೇಬರಾದ ಶೇಷಗಿರಿ ಕನ್ನಡಕ ಒರೆಸಿಕೊಂಡು ಚೀಟಿಯನ್ನು ಎರಡು ಸಲ ಓದಿದರು. "ಭೇಷ್ ಕಣ್ರೀ! ಇಪ್ಪತ್ತು ವರ್ಷದಲ್ಲಿ ನಾನು ನೋಡಿದ ಮೊದಲನೇ ನಿಜ. ಆದ್ರೆ ಇವತ್ತು ಐದು ಜನಕ್ಕೆ ಜ್ವರ. ಕಾಯಿಲೆಯೋರನ್ನ ದುಡಿಸೋಕಾಗುತ್ತಾ? ಗಟ್ಟಿಮುಟ್ಟಾಗಿರೋರು ನೀವೊಬ್ರೇ. ಕೂತ್ಕೊಳ್ಳಿ."

ತ್ರಿವಿಕ್ರಮನೂ ಸೇರಿ ಐದು ಜ್ವರಗಳು ಶಿಳ್ಳೆ ಹಾಕುತ್ತಾ ಮೆಟ್ಟಿಲಿಳಿದವು.

ಒಂದೂವರೆಯ ಹೊತ್ತಿಗೆ ವೇಣುಗೋಪಾಲನ ಆದರ್ಶ ಗಾಳಿಗಿಟ್ಟ ಹಪ್ಪಳದಂತೆ ಮೆತ್ತಗಾಯಿತು. ಹೊಸ ಚೀಟಿ ಬರೆದ: "ವಿಪರೀತ ಜ್ವರ." ಕೊಡುವಾಗ ನಾಚಿಕೆಯಿಂದ ಮುಖ ಕೆಂಪೇರಿತು, ಮೈ ಬೆವರಿತು.

ಸಾಹೇಬರು ಕುರ್ಚಿ ಬಿಟ್ಟು ಹಾರಿದರು. "ಅಯ್ಯಯ್ಯೋ! ಬೇರೆ ಯಾರಾದ್ರೂ ಆಗಿದ್ರೆ ಹರಿದು ಬಿಸಾಕ್ತಿದ್ದೆ. ಸಿನಿಮಾ ಅಂತ ನಿಜ ಬರೆದ ಕೈ ಇದು, ಜ್ವರ ಅಂತ ಸುಳ್ಳು ಬರೆಯುತ್ತಾ? ನೂರನಾಲ್ಕಕ್ಕೆ ಕಮ್ಮಿ ಇರಲ್ಲ! ಜಾಫರ್, ಜೀಪ್ ತೆಗಿ! ಸೀದಾ ಆಸ್ಪತ್ರೆ. ಮಧ್ಯ ಎಲ್ಲೂ ನಿಲ್ಲಿಸ್ಬೇಡ!"

"ಸಾರ್, ಬಸ್ಸಲ್ಲೇ ಹೋಗ್ತೀನಿ..."

"ಸುಮ್ಕಿರಿ ಸಾಮಿ, ಮಾತಾಡಿದ್ರೆ ಇನ್ನೂ ಏರ್ತದೆ" ಎಂದು ಜವಾನ ಚಿಕ್ಕಮಾರಯ್ಯ ಅವನಿಗೆ ಕಂಬಳಿ ಸುತ್ತಿ, ಅಕ್ಕಿಮೂಟೆಯಂತೆ ಹೊತ್ತು ಜೀಪಿನ ಹಿಂದೆ ಮಲಗಿಸಿದ.

ಆಸ್ಪತ್ರೆಯ ದಾರಿಯಲ್ಲೇ ಯಶವಂತಪುರ ಬಂತು. ಟಾಕೀಸಿನ ಮುಂದೆ ನಾಗಮಣಿ ಒಂದು ಕಾಲನ್ನು ಮಾಕಳಿ ಬಸ್ಸಿನ ಮೆಟ್ಟಿಲ ಮೇಲಿಟ್ಟು ರಸ್ತೆ ನೋಡುತ್ತಿದ್ದಳು.

ವೇಣುಗೋಪಾಲ ಕಂಬಳಿ ಕಿತ್ತೆಸೆದು ಕೂಗಿದ: "ನಿಲ್ಸಪ್ಪಾ ಜಾಫರ್! ಅಲ್ಲಿ ನನ್ ಹೆಂಡ್ತಿ! ನಂಗೆ ಜ್ವರ ಇಲ್ಲ, ಸುಳ್ಳು ಬರೆದೆ!"

ಜಾಫರ್ ಕನ್ನಡಿಯಲ್ಲಿ ಅವನನ್ನು ನೋಡಿ ಬೆಚ್ಚಿಬಿದ್ದ. "ಯಾ ಅಲ್ಲಾ! ವೇಣುಗೋಪಾಲ್ ಸಾರು ಸುಳ್ಳು ಬರೆದ್ರಂತೆ! ಜ್ವರ ತಲೆಗೇ ಏರ್ಬಿಟ್ಟಿದೆ!" ಎಂದವನೇ ಹಾರನ್ ಒತ್ತಿ ಹಿಡಿದು, ಆಕ್ಸಿಲರೇಟರನ್ನು ತಳಕ್ಕೆ ತುಳಿದ.