ಬೆರ್ಟಿಲನ ಭಾನುವಾರದ ಸರದಿ

ಗಂಡ ಹೆಂಡತಿ ಇಬ್ಬರೂ ಪ್ರೋಗ್ರಾಮರ್‌ಗಳಾಗಿರಕೂಡದು ಎಂದು ಸ್ವೀಡನ್ನಿನ ಸರ್ಕಾರ ಇನ್ನೂ ಕಾನೂನು ಮಾಡದಿರುವುದು ನನ್ನ ಮಟ್ಟಿಗೆ ಘೋರ ಅನ್ಯಾಯ. ಬೇರೆ ಹೆಂಡತಿಯರು ಗಂಡ ತೊಳೆದ ಪಾತ್ರೆಯಲ್ಲಿ ಜಿಡ್ಡು ಹುಡುಕುತ್ತಾರೆ. ನನ್ನ ಸೋಲ್ವೇಗ್ ನಾನು ಬರೆದ ಕೋಡಿನಲ್ಲಿ ತಪ್ಪು ಹುಡುಕುತ್ತಾಳೆ. (ಸಿಗುತ್ತದೆ, ಅದು ಬೇರೆ ಮಾತು.)

ಈ ವಸಂತದಲ್ಲಿ ನನ್ನ ಕಚೇರಿಯವರು ಕೇಕು ತಿನ್ನಿಸಿ ನನ್ನನ್ನು ಕಾಯಂ ಆಗಿ ಮನೆಗೆ ಕಳಿಸಿದರು. ಅವಳ ಕಚೇರಿಯವರು ಅವಳಿಗೆ ಬಡ್ತಿ ಕೊಟ್ಟರು. ನಾನಿನ್ನೂ ಪ್ರೋಗ್ರಾಮರ್ ಎಂಬುದಕ್ಕೆ ಆಮೇಲೆ ಉಳಿದ ಸಾಕ್ಷಿ ಒಂದೇ: ನಮ್ಮ ಕಟ್ಟಡದ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆ. ಅಷ್ಟೂ ಮನೆಗಳಿಗೆ ಇರುವುದು ಅದೊಂದೇ, ಅದರ ಅಧ್ಯಕ್ಷ ನಾನು. ಇಲ್ಲಿನವರು ಬೇಕಾದರೆ ಮದುವೆ ಮುಂದೂಡುತ್ತಾರೆ, ಒಗೆಯುವ ಸರದಿ ಬಿಡುವುದಿಲ್ಲ. ಆ ಸರದಿಗಳನ್ನು ಫೋನಿನಲ್ಲೇ ಕಾದಿರಿಸುವ ಪ್ರೋಗ್ರಾಮ್ ಬರೆದು, ನಿವಾಸಿಗಳ ವಾರ್ಷಿಕ ಸಭೆಯಲ್ಲಿ ಒಗೆತದ ಕೋಣೆಯ ಅಧ್ಯಕ್ಷ ಪದವಿಯನ್ನು ಉಳಿಸಿಕೊಳ್ಳುವುದು ನನ್ನ ಮಹಾಸಂಕಲ್ಪ. ಅದೂ ಹೋದರೆ ನಾನು ಮನೆಯಲ್ಲಿರುವ ಮನುಷ್ಯ, ಅಷ್ಟೆ.

ಸರದಿ ರದ್ದು ಮಾಡುವ ಭಾಗಕ್ಕೆ ಬಂದಾಗ ಜಗಳ ಹತ್ತಿತು. ಡೇಟಾಬೇಸಿನಲ್ಲಿ ಒಂದೊಂದು ಸರದಿಯೂ ಒಂದೊಂದು ಜೀವ ಎಂದುಕೊಳ್ಳಿ. ಬೇಕಾದ ಸರದಿಯನ್ನು ಹುಡುಕಿ ತಂದು ‘ನೀನು ರದ್ದಾಗು’ ಎಂದು ಅದಕ್ಕೇ ಹೇಳಿದರೆ ಅದು ನಮ್ಮ ಕಸುಬಿನ ಮಾತಿನಲ್ಲಿ ಇನ್‌ಸ್ಟೆನ್ಸ್ ಮೆಥಡ್. ಮೇಲೆ ನಿಂತು ಇಡೀ ಸರದಿಕುಲಕ್ಕೆ ‘ಇಂಥವರದು ರದ್ದು’ ಎಂದು ಫರ್ಮಾನು ಹೊರಡಿಸಿದರೆ ಸ್ಟ್ಯಾಟಿಕ್ ಮೆಥಡ್. ಅಧ್ಯಕ್ಷನಾದವನು ಒಂದೊಂದು ಸರದಿಯ ಬಾಗಿಲು ತಟ್ಟುತ್ತ ಅಲೆಯುವುದೆಂದರೇನು? ನಾನು ಸ್ಟ್ಯಾಟಿಕ್ ಬರೆದೆ.

ಸೋಲ್ವೇಗ್ ಒಣ ರೊಟ್ಟಿಗೆ ಬೆಣ್ಣೆ ಸವರುತ್ತ ಇಣುಕಿದಳು.

“ಹೋಲ್ಗರ್, ಇವತ್ತು ಯಾರ್ಯಾರ ಸರದಿ ಇದೆ ಅಂತ ಹುಡುಕೋಕೆ ಸ್ಟ್ಯಾಟಿಕ್ ಇರ್ಲಿ. ರದ್ದಾಗೋದು ಒಂದು ಸರದಿ. ರದ್ದು ಮಾಡೋದನ್ನ ಆ ಸರದಿ ಹತ್ರಾನೇ ಇಡು.”

“ಯಾರದು ಅಂತ ನಾನು ಹೇಳ್ತೀನಲ್ಲ.”

“ಹೇಳೋದು ಮರೆತ್ರೆ?”

“ನಾನೇನು ಮರೆಯೋನಾ?”

ಅವಳು ರೊಟ್ಟಿ ಕಚ್ಚಿದಳು. ನಮ್ಮ ಕಡೆಯ ಒಣ ರೊಟ್ಟಿ ಮುರಿಯುವ ಸದ್ದಿನಲ್ಲಿ ಎಷ್ಟೆಲ್ಲ ತೀರ್ಪುಗಳಿರುತ್ತವೆ ಎಂದು ಸಂಸಾರಸ್ಥರಿಗೆ ಗೊತ್ತು. ತಾನೇ ಸರಿಮಾಡಿ ಕೊಡುತ್ತೇನೆಂದಳು. ಮನೆಯಲ್ಲೂ ನನಗೊಬ್ಬ ಮೇಲಧಿಕಾರಿ ಬೇಕಿಲ್ಲ ಎಂದೆ. ಆಮೇಲೆ ನಮ್ಮ ಮಾತುಕತೆ ಬೆಣ್ಣೆಗೆ ಸೀಮಿತವಾಯಿತು.

ಪ್ರೋಗ್ರಾಮ್ ಬಳಕೆಗೆ ಬಂತು; ರದ್ದು ಮಾಡುವ ಅಧಿಕಾರ ಮಾತ್ರ ಅಧ್ಯಕ್ಷನ ಕೈಯಲ್ಲೇ. ಮುಂದಿನ ಶನಿವಾರ ಮೇಲಿನ ಮನೆಯ ಬೆರ್ಟಿಲ್ ಫೋನು ಮಾಡಿದ. ಮೀನು ಹಿಡಿಯಲು ಹೋಗುತ್ತಿದ್ದಾನಂತೆ, ತನ್ನ ಭಾನುವಾರದ ಸರದಿ ರದ್ದು ಮಾಡಬೇಕಂತೆ. ನಾನು ಚಕ್ರವರ್ತಿ ರುಜು ಹಾಕುವ ಗತ್ತಿನಲ್ಲಿ ಫರ್ಮಾನು ಹೊರಡಿಸಿದೆ. ಗತ್ತಿನ ಭರದಲ್ಲಿ ಬೆರ್ಟಿಲನ ಹೆಸರು ಕೊಡುವುದನ್ನು ಬಿಟ್ಟೆ. ಯಾರದೆಂದು ಹೇಳಿಲ್ಲ, ಹಾಗಾದರೆ ಎಲ್ಲರದೂ, ಎಂದುಕೊಂಡಿತು ಡೇಟಾಬೇಸು. ಕಟ್ಟಡದ ಸಮಸ್ತ ಸರದಿಗಳೂ ಮಾಯ. ಸರದಿಯಿಲ್ಲದವರಿಗೆ ಯಂತ್ರ ತಿರುಗಕೂಡದು ಎಂಬ ನಿಯಮವನ್ನೂ ನಾನೇ ಬರೆದಿದ್ದೆ. ಕೆಳಗೆ ಅವಳಿ ಕೂಸುಗಳ ತಾಯಿ ಮಾಲಿನ್ ಹಾಕಿದ್ದ ಬಟ್ಟೆಗಳು ನೊರೆಯಲ್ಲೇ ನಿಂತವು. ಬೆರ್ಟಿಲ್ ಮಾತ್ರ, ಕೆಲಸ ಅಚ್ಚುಕಟ್ಟಾಗಿ ಆಯಿತೆಂದು ವಂದನೆ ತಿಳಿಸಿದ.

ಇಲ್ಲಿ ಯಾರೂ ಬೈಯುವುದಿಲ್ಲ, ಚೀಟಿ ಅಂಟಿಸುತ್ತಾರೆ. ಸಂಜೆಯೊಳಗೆ ನಮ್ಮ ಬಾಗಿಲಿನ ಬಣ್ಣ ಕಾಣದಾಯಿತು. ಎಲ್ಲದರ ಕೊನೆಗೂ ‘ಪ್ರೀತಿಯಿಂದ’ ಎಂದಿತ್ತು.

ಸೋಲ್ವೇಗ್ ಡೇಟಾಬೇಸಿನ ಹಿಂದಿನ ದಿನ ತೆಗೆದಿಟ್ಟ ಪ್ರತಿಯಿಂದ ಎಲ್ಲವನ್ನೂ ಮರಳಿ ತಂದಳು, ರದ್ದು ಮಾಡುವುದನ್ನು ಇನ್‌ಸ್ಟೆನ್ಸ್ ಮೆಥಡ್ ಮಾಡಿದಳು. ‘ನಾನು ಹೇಳಿರಲಿಲ್ವಾ’ ಎನ್ನುತ್ತಾಳೆಂದು ಕಾದೆ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

“ಪರ್ವಾಗಿಲ್ಲ ಬಿಡು,” ಎಂದಳು. “ಕೆಲಸಕ್ಕೆ ಹೊಸದಾಗಿ ಸೇರಿದವ್ರು ಎಲ್ಲಾರೂ ಮಾಡ್ತಾರೆ.”

ವಾರ್ಷಿಕ ಸಭೆಯಲ್ಲಿ, ತಪ್ಪು ತಂತ್ರಜ್ಞಾನದ್ದು ಎಂದು ನಾನು ದೀರ್ಘ ಭಾಷಣ ಮಾಡಿದೆ. ಎಲ್ಲರೂ ಕಾಫಿ ಕುಡಿದರು. ಮಾಲಿನ್ ಅಧ್ಯಕ್ಷ ಪದವಿಗೆ ಸೋಲ್ವೇಗ್ ಹೆಸರು ಸೂಚಿಸಿದಳು. ಕೈಗಳೆಲ್ಲ ಎದ್ದವು. ಸೋಲ್ವೇಗ್ ನನ್ನತ್ತ ನೋಡಿದಳು, ನನ್ನದೂ ಎದ್ದಿತು.

ಒಣಗಿಸುವ ಯಂತ್ರದ ಜರಡಿಯಲ್ಲಿ ಸಿಕ್ಕುವ ಬಟ್ಟೆಯ ಜುಂಗನ್ನು ದಿನವೂ ತೆಗೆಯಲು ಯಾರಾದರೂ ಬೇಕು ಎಂದು ಹೊಸ ಅಧ್ಯಕ್ಷೆ ಸಭೆಯನ್ನು ಕೇಳಿದಳು. ಎಲ್ಲರಿಗೂ ತಮ್ಮ ತಮ್ಮ ಕಾಫಿ ಬಟ್ಟಲಿನಲ್ಲಿ ಏನೋ ಕಂಡಿತ್ತು.

“ಹೋಲ್ಗರ್,” ಎಂದು ಹೆಸರು ಹಿಡಿದು ಕರೆದಳು, “ನೀನು ಮಾಡು.”

ಎದ್ದು ನಿಂತೆ. ಸಭೆ ಚಪ್ಪಾಳೆ ತಟ್ಟಿತು. ಪ್ರೋಗ್ರಾಮ್ ಬರೆದಾಗ ತಟ್ಟಿರಲಿಲ್ಲ.